ಸೋಮಾರಿತನವೆಂದು ಕರೆಯುವ ಮುನ್ನ

ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಏಳು ಮೂಲಪಾಪಗಳನ್ನು ಬಾಯಿಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಆ ಪಟ್ಟಿಯ ಕೊನೆಯಲ್ಲಿ ಬರುವುದು ಸೋಮಾರಿತನ. ನಮ್ಮ ಮನೆಗಳಲ್ಲಿ ಈ ಮಾತನ್ನು ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ! ಹೊತ್ತೇರಿದರೂ ಹಾಸಿಗೆ ಬಿಟ್ಟೇಳದ ಮಗ, ಭಾನುವಾರದ ಪೂಜೆಗೆ ಬರಲೊಲ್ಲದ ಮಗಳು, ಒಲೆಯ ಮುಂದೆ ಸುಮ್ಮನೆ ಕುಳಿತುಬಿಡುವ ಸೊಸೆ - ಎಲ್ಲರಿಗೂ ಅದೊಂದೇ ಹೆಸರು. ಆದರೆ ಈ ಹೆಸರಿನ ಹಿಂದೆ 1600 ವರ್ಷಗಳ ಚರಿತ್ರೆಯಿದೆ. ಅದನ್ನು ಅರಿತವರು ಆ ಮಾತು ನಾಲಗೆಗೆ ಬರುವ ಮುನ್ನ ಒಂದು ಕ್ಷಣ ತಡೆಯುತ್ತಾರೆ.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಬನ್ನಿ. ಲೋಕವನ್ನು ತ್ಯಜಿಸಿದ ಸಾವಿರಾರು ಸನ್ಯಾಸಿಗಳು ಅಲ್ಲಿ ಪ್ರಾರ್ಥನೆ, ಉಪವಾಸ, ಕೈಕೆಲಸಗಳಲ್ಲಿ ದಿನ ಕಳೆಯುತ್ತಿದ್ದರು. ಅವರಲ್ಲೊಬ್ಬರು, ಕೆಲ್ಲಿಯಾ ಎಂಬಲ್ಲಿ ವಾಸವಾಗಿದ್ದು 399ರಲ್ಲಿ ತೀರಿಕೊಂಡ ಎವಾಗ್ರಿಯುಸ್. ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಅವರು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟರು. ಅವುಗಳಲ್ಲಿ ಒಂದು 'ಅಕೇಡಿಯ'. ಕಾಳಜಿಯೇ ಬತ್ತಿಹೋಗುವುದು ಎಂಬುದು ಆ ಪದದ ಮೂಲಾರ್ಥ. 91ನೆಯ ಕೀರ್ತನೆಯ ಗ್ರೀಕ್ ಅನುವಾದದಲ್ಲಿರುವ ಮಾತನ್ನು ಹಿಡಿದು ಇದನ್ನು 'ಮಧ್ಯಾಹ್ನದ ಪಿಶಾಚಿ' ಎಂದೂ ಕರೆದರು. ಎವಾಗ್ರಿಯುಸ್ ಕೊಡುವ ವಿವರಣೆಯನ್ನು ಗಮನಿಸಿ: ಬೆಳಗಿನ ಹತ್ತರ ಸುಮಾರಿಗೆ ಅದು ಆವರಿಸುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ ಐವತ್ತು ತಾಸುಗಳಿರುವಂತೆ ಭಾಸವಾಗುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಇರುವ ಸ್ಥಳ, ಮಾಡುವ ಕೆಲಸ, ಬದುಕು, ಎಲ್ಲವೂ ಬೇಸರವಾಗುತ್ತವೆ. ಸಹೋದರರಲ್ಲಿ ಪ್ರೀತಿಯೇ ಉಳಿದಿಲ್ಲ, ತನ್ನನ್ನು ಸಂತೈಸುವವರು ಯಾರೂ ಇಲ್ಲ ಎನಿಸುತ್ತದೆ.

ಇದು ದುರ್ಬಲರಿಗೆ ಮಾತ್ರ ಬಂದ ಕಷ್ಟವಲ್ಲ. ಸನ್ಯಾಸಿಗಳ ಪಿತಾಮಹರೆನಿಸಿದ ಸಂತ ಅಂತೋಣಿಯವರೂ (ನಾವು ನೊವೇನ ಸಲ್ಲಿಸುವ ಪಾದುವದ ಅಂತೋಣಿಯವರಲ್ಲ, 356ರಲ್ಲಿ ನಿಧನರಾದ ಈಜಿಪ್ಟಿನವರು) ಒಮ್ಮೆ ಅಕೇಡಿಯದಲ್ಲಿ ಮುಳುಗಿ ದೇವರಿಗೆ ಮೊರೆಯಿಟ್ಟರೆಂದು ಮರುಭೂಮಿಯ ಪಿತೃಗಳ ನುಡಿಸಂಗ್ರಹ ಹೇಳುತ್ತದೆ. ಆಗ ತಮ್ಮಂತೆಯೇ ಇದ್ದ ಒಬ್ಬನು ಕುಳಿತು ಹಗ್ಗ ಹೊಸೆಯುವುದನ್ನೂ, ಎದ್ದು ಪ್ರಾರ್ಥಿಸುವುದನ್ನೂ, ಮತ್ತೆ ಕುಳಿತು ಹೊಸೆಯುವುದನ್ನೂ ಅವರು ಕಂಡರು. ಅವನು ದೇವದೂತ. ಅವರಿಗೆ ದೊರೆತದ್ದು ಬೈಗುಳವಲ್ಲ, ದಿನವನ್ನು ಸಣ್ಣ ಸಣ್ಣ ತುಂಡುಗಳಾಗಿ ದಾಟುವ ದಾರಿ.

ಹಾಗಾದರೆ ಈ ಸಂಕಟ 'ಸೋಮಾರಿತನ'ವಾದದ್ದು ಹೇಗೆ? ಐದನೆಯ ಶತಮಾನದ ಆದಿಯಲ್ಲಿ ಜಾನ್ ಕ್ಯಾಸಿಯನ್ ಈ ಬೋಧನೆಯನ್ನು ಪಶ್ಚಿಮಕ್ಕೆ ತಂದರು. ಅವರು ದುಡಿಮೆಯ ಮದ್ದಿಗೆ ಹೆಚ್ಚು ಒತ್ತುಕೊಟ್ಟರು. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಸಂತ ಮಹಾ ಗ್ರೆಗೊರಿಯವರ ಪಟ್ಟಿಯಲ್ಲಿ ಅಕೇಡಿಯದ ಹೆಸರಿಲ್ಲ, ದುಃಖವಿದೆ. ಮುಂದಿನ ಶತಮಾನಗಳಲ್ಲಿ ದುಃಖದ ಸ್ಥಾನಕ್ಕೆ ಅಕೇಡಿಯ ಮರಳಿತು. ಕಾಲಕ್ರಮೇಣ ಜನರ ಬಾಯಲ್ಲಿ ಅದರ ಅರ್ಥ ಸವೆಯುತ್ತಾ ಬಂದು, ಮೈಗಳ್ಳತನವೊಂದೇ ಉಳಿಯಿತು. ಒಳಗಿನ ನೋವು ಮರೆಯಾಗಿ, ಹೊರಗೆ ಕಾಣುವ ಜಡತ್ವ ಮಾತ್ರ ಪಾಪವಾಗಿ ಕಂಡಿತು.

ಆದರೂ ಧರ್ಮಸಭೆಯ ಮಹಾಪಂಡಿತರು ದುಃಖಿತರನ್ನು ಮರೆಯಲಿಲ್ಲ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ದುಃಖಶಮನಕ್ಕೆ ಹೇಳುವ ಉಪಾಯಗಳು ನಮ್ಮನ್ನು ಅಚ್ಚರಿಗೊಳಿಸುತ್ತವೆ: ಮನಸ್ಸಿಗೆ ಹಿತವಾದದ್ದು, ಕಣ್ಣೀರು, ಗೆಳೆಯರ ಅನುಕಂಪ, ಸತ್ಯದ ಧ್ಯಾನ, ಜೊತೆಗೆ ನಿದ್ರೆ ಮತ್ತು ಸ್ನಾನ! ದೇಹ ಮತ್ತು ಆತ್ಮ ಬೇರೆ ಬೇರೆ ಮನೆಗಳಲ್ಲಿ ವಾಸಿಸುವುದಿಲ್ಲವೆಂದು ಅವರು ಬಲ್ಲವರಾಗಿದ್ದರು.

ಮರುಭೂಮಿಯ ಅಕೇಡಿಯವೂ ಇಂದು ವೈದ್ಯರು ಗುರುತಿಸುವ ಖಿನ್ನತೆಯೂ ಒಂದೇ ಎನ್ನಲಾಗದು. ಅದು ಆತ್ಮದ ಹೋರಾಟ, ಇದು ಚಿಕಿತ್ಸೆಯಿರುವ ಕಾಯಿಲೆ. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ 'ಸೋಮಾರಿತನ'ದಂತೆಯೇ ಕಾಣುತ್ತವೆ. ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಇಷ್ಟವಾಗಿದ್ದವುಗಳಲ್ಲಿ ಆಸಕ್ತಿ ಹೋಗುವುದು, ನಿದ್ರೆ ಮತ್ತು ಹಸಿವು ಏರುಪೇರಾಗುವುದು, ಕಾರಣವಿಲ್ಲದ ಆಯಾಸ, ತಾನು ನಿಷ್ಪ್ರಯೋಜಕನೆಂಬ ಭಾವನೆ, ಸಾವಿನ ಯೋಚನೆ - ಇವು ಖಿನ್ನತೆಯ ಲಕ್ಷಣಗಳು. ಕೆಲವರಿಗೆ ಇದು ಋತುವಿನೊಡನೆ ಬಂದು ಹೋಗುತ್ತದೆ. ಹಗಲು ಕಿರಿದಾಗುವ ಚಳಿಗಾಲದಲ್ಲಿ ಮರುಕಳಿಸುವ ಇಂಥ ಖಿನ್ನತೆಯನ್ನು ಅಮೆರಿಕದಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿ, ಪ್ರಖರ ಬೆಳಕಿನಿಂದ ಅದು ಶಮನವಾಗುವುದನ್ನು ತೋರಿಸಿದರು. ನಮ್ಮ ನಾಡಿನ ಹಗಲು ಅಷ್ಟಾಗಿ ಕುಗ್ಗುವುದಿಲ್ಲ. ಆದರೂ ಕರಾವಳಿ, ಮಲೆನಾಡುಗಳಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಮಳೆಗಾಲದಲ್ಲಿ ಮನಸ್ಸಿಗೂ ಮೋಡ ಕವಿಯುವುದನ್ನು ನೀವೂ ಅನುಭವಿಸಿರಬಹುದು.

ಪವಿತ್ರ ಗ್ರಂಥದತ್ತ ತಿರುಗಿ ನೋಡೋಣ. ಅರಸುಗಳು ಒಂದನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಅವನನ್ನು ಅವಿಶ್ವಾಸಿಯೆಂದು ಜರೆದರೇ? ಇಲ್ಲ. ಅವನು ಮಲಗಿದನು. ದೇವದೂತನು ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣಿಸಿದನು. ಪ್ರಯಾಣದ ಮಾತು ಬಂದದ್ದು ಆಮೇಲೆ.

ಪ್ರಿಯರೇ, ನಿಮ್ಮ ಮನೆಯಲ್ಲಿಯೂ ಈ ಕ್ರಮವೇ ಇರಲಿ. ಮೊದಲು ಊಟ, ನಿದ್ರೆ, ಬೆಳಗಿನ ಬಿಸಿಲಿನಲ್ಲಿ ಜೊತೆಗೂಡಿ ನಾಲ್ಕು ಹೆಜ್ಜೆ, ಹತ್ತಿರ ಕುಳಿತು ಕೇಳುವ ಕಿವಿ. ಉಪದೇಶ ಕೊನೆಗಿರಲಿ. 'ಪ್ರಾರ್ಥನೆ ಸಾಲದು, ಅದಕ್ಕೇ ಹೀಗೆ' ಎಂದು ಗಾಯದ ಮೇಲೆ ಬರೆ ಎಳೆಯಬೇಡಿ. ಅವರಿಗೆ ಪ್ರಾರ್ಥಿಸಲು ಆಗದಿದ್ದರೆ ಅವರಿಗಾಗಿ ನೀವು ಜಪಸರ ಹಿಡಿಯಿರಿ. ವೈದ್ಯರ ಬಳಿ ಕರೆದೊಯ್ಯುವುದು ವಿಶ್ವಾಸದ ಕೊರತೆಯಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾವಿನ ಮಾತು ಕಿವಿಗೆ ಬಿದ್ದರಂತೂ ಒಂದು ದಿನವೂ ತಡಮಾಡಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಎಲೀಯನ ಬಳಿಗೆ ದೇವರು ದೂತನನ್ನು ಕಳುಹಿಸಿದರು. ನಿಮ್ಮ ಮನೆಯ ಮುಚ್ಚಿದ ಕೋಣೆಗೆ ಕಳುಹಿಸಲು ಅವರು ನಿಮ್ಮನ್ನೇ ಆರಿಸಿರಬಹುದು. ರೊಟ್ಟಿ, ನೀರು ಹಿಡಿದು ಹೋಗಿ, ಮೆಲ್ಲಗೆ ಬಾಗಿಲು ತಟ್ಟಿರಿ.