ಸ್ಪೋರ್ಟ್ಸ್ ಕಾರಿನೊಳಗಿನ ಸದ್ದು: ತಗ್ಗಿಸುವುದು ಹೇಗೆ?

ತೂಕ ಕಡಿಮೆಯಿದ್ದಷ್ಟೂ ಸ್ಪೋರ್ಟ್ಸ್ ಕಾರು ಚುರುಕು. ಆದರೆ ಒಳಗೆ ಸದ್ದೂ ಹೆಚ್ಚು. ಜಪಾನಿನ ಮಾಜ್ದಾ ಕಂಪನಿ 1989ರಲ್ಲಿ ಪರಿಚಯಿಸಿದ ಎಂಎಕ್ಸ್-5 ಇದಕ್ಕೆ ಉತ್ತಮ ನಿದರ್ಶನ. ಮಡಚುವ ಬಟ್ಟೆಯ ಛಾವಣಿಯುಳ್ಳ, ಸುಮಾರು ಒಂದು ಟನ್ ತೂಕದ ಈ ಎರಡು ಆಸನಗಳ ಕಾರಿನೊಳಕ್ಕೆ ಟೈರು, ಎಂಜಿನ್ ಹಾಗೂ ಗಾಳಿಯ ಸದ್ದು ಸುಲಭವಾಗಿ ನುಗ್ಗುತ್ತದೆ.

ಶಬ್ದ ತಡೆಗೆ ಮುಖ್ಯವಾಗಿ ಮೂರು ಬಗೆಯ ಸಾಮಗ್ರಿಗಳಿವೆ. ಅಲ್ಯೂಮಿನಿಯಂ ಹಾಳೆ ಹೊದಿಸಿದ ಬ್ಯುಟೈಲ್ ರಬ್ಬರ್ ಪಟ್ಟಿಯು ತಗಡಿನ ಕಂಪನವನ್ನು ಹೀರಿ ಅಲ್ಪ ಶಾಖವಾಗಿ ಮಾರ್ಪಡಿಸುತ್ತದೆ. ಇದನ್ನು ತಗಡಿನ ತುಂಬ ಅಂಟಿಸಬೇಕಿಲ್ಲ. ಕಾಲುಭಾಗದಷ್ಟು ಅಂಟಿಸಿದರೂ ಸಾಕಷ್ಟು ಪ್ರಯೋಜನವಿದೆ. ಗಾಳಿಯ ಮೂಲಕ ಬರುವ ಸದ್ದಿಗೆ ಭಾರವಾದ ವಿನೈಲ್ ಹಾಳೆಯೇ ತಡೆ. ಅದನ್ನು ಸಂದು ಬಿಡದಂತೆ ಹಾಸಬೇಕು. ಅದರಡಿಯ ಫೋಮ್ ಪದರವು ತಗಡಿನ ಕಂಪನ ಹಾಳೆಗೆ ತಗುಲದಂತೆ ಕಾಯುತ್ತದೆ.

ನೆಲ, ಗೇರ್‌ಬಾಕ್ಸ್ ಮೇಲ್ಭಾಗ, ಆಸನಗಳ ಹಿಂಬದಿ, ಬಾಗಿಲುಗಳಿಗೆ ಮೊದಲ ಆದ್ಯತೆ ನೀಡಬೇಕು. ಅಂಟಿಸುವ ಮುನ್ನ ತುಕ್ಕು, ತೇವ, ಜಿಡ್ಡು ತೆಗೆಯುವುದು ಅವಶ್ಯ. ಬಾಗಿಲಿನ ಕೆಳಗಿನ ಹಾಗೂ ಛಾವಣಿಯ ನೀರು ಹರಿದುಹೋಗುವ ರಂಧ್ರಗಳನ್ನು ಎಂದಿಗೂ ಮುಚ್ಚಬಾರದು. ಮುಚ್ಚಿದರೆ ನೀರು ನಿಂತು ತಗಡು ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ.

ಬಟ್ಟೆಯ ಛಾವಣಿಯಿಂದ ಬರುವ ಗಾಳಿಯ ಸದ್ದು ಇದರಿಂದ ಅಡಗದು. ಸವೆದ ರಬ್ಬರ್ ಅಂಚುಪಟ್ಟಿಗಳನ್ನು ಬದಲಿಸುವುದೇ ಅದಕ್ಕೆ ಮೊದಲ ಮದ್ದು, ತೂಕವೂ ಏರದು.