ಬ್ರೇಕಿನೊಳಗಿನ ವಾಷರ್ ಕಥೆ

ಡಿಸ್ಕ್ ಬ್ರೇಕ್ ಇರೋ ಸೈಕಲ್ ಒಂದೆರಡು ಮಳೆಗಾಲ ಕಂಡಮೇಲೆ ಒಂದು ಸದ್ದು ಶುರುವಾಗುತ್ತೆ. ಬ್ರೇಕ್ ಹಿಡಿದಿರಲ್ಲ, ಆದ್ರೂ ಚಕ್ರ ಸುತ್ತಿದಾಗಲೆಲ್ಲ ಶ್... ಶ್... ಅಂತ ಪ್ಯಾಡು ಡಿಸ್ಕಿಗೆ ಉಜ್ಜುತ್ತಿರುತ್ತೆ. ಬೋಲ್ಟ್ ಸಡಿಲಿಸಿ ಕ್ಯಾಲಿಪರನ್ನ ಚೂರು ಆಚೀಚೆ ಸರಿಸಿ ಬಿಗಿ ಮಾಡಿದ್ರೆ ಎರಡು ದಿನ ಸುಮ್ಮನಿರುತ್ತೆ, ಆಮೇಲೆ ಮತ್ತದೇ ರಾಗ. ಎಷ್ಟೋ ಸಲ ತಪ್ಪು ಕ್ಯಾಲಿಪರ್ ಕೂತ ಜಾಗದ್ದಲ್ಲ. ಒಳಗೆ ಎದುರುಬದುರು ಇರೋ ಎರಡು ಪಿಸ್ಟನ್‌ಗಳಲ್ಲಿ ಒಂದು ಅಂಟಿಕೊಂಡಿರುತ್ತೆ. ಅದು ಅಲುಗಲ್ಲ, ಇನ್ನೊಂದು ಅದರ ಪಾಲಿನ ಕೆಲಸವನ್ನೂ ಮಾಡುತ್ತೆ.

ಇದು ಸೈಕಲ್ಲಿಗೆ ಬಂದ ಹೊಸ ರೋಗ ಅಂದುಕೊಳ್ಳಬೇಡಿ. ಸೈಕಲ್ ಹುಟ್ಟೋಕೆ ಮುಂಚೆಯೇ ಲಂಡನ್ನಿನಲ್ಲಿ ಒಬ್ಬ ದೊಡ್ಡ ಎಂಜಿನಿಯರ್‌ಗೆ ಇದು ತಲೆನೋವಾಗಿತ್ತು.

ಅವನ ಹೆಸರು ಜೋಸೆಫ್ ಬ್ರಾಮಾ. ಕಮೋಡು ಸುಧಾರಿಸಿ ಪೇಟೆಂಟ್ ತಗೊಂಡವನು, ಯಾರೂ ತೆಗೆಯಲಾಗದ ಬೀಗ ಮಾಡಿದೀನಿ ಅಂತ ಸವಾಲು ಹಾಕಿದವನು. 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ತತ್ವ ಪಾಸ್ಕಲನದು, ನಾವೆಲ್ಲ ಹೈಸ್ಕೂಲಲ್ಲಿ ಉರು ಹೊಡೆದದ್ದೇ: ಸಣ್ಣ ಪಿಸ್ಟನ್ ಮೇಲೆ ಒತ್ತಿದ್ರೆ, ಅದೇ ಒತ್ತಡ ದೊಡ್ಡ ಪಿಸ್ಟನ್ ಕೆಳಗೆ ಭಾರೀ ಬಲವಾಗುತ್ತೆ. ಪುಸ್ತಕದಲ್ಲಿ ಬರೆಯದ ವಿಷಯ ಏನಂದ್ರೆ, ಆ ದೊಡ್ಡ ಪಿಸ್ಟನ್ ಸುತ್ತ ನೀರು ಸೋರುತ್ತೆ. ಸೋರಬಾರದು ಅಂತ ಸುತ್ತ ಬಿಗಿಯಾಗಿ ತುಂಬಿದ್ರೆ ಸೋರಿಕೆ ನಿಲ್ಲುತ್ತೆ, ಆದ್ರೆ ಒತ್ತಡ ಬಿಟ್ಟಮೇಲೆ ಪಿಸ್ಟನ್ ವಾಪಸ್ ಇಳಿಯಲ್ಲ. ಸಡಿಲ ಮಾಡಿದ್ರೆ ಇಳಿಯುತ್ತೆ, ಸೋರುತ್ತೆ. ನಿಮ್ಮ ಸೈಕಲ್ಲಿನ ಕಂಪ್ಲೇಂಟೇ, ಸೈಜು ಮಾತ್ರ ದೊಡ್ಡದು.

ಇದನ್ನ ಬಿಡಿಸಿದವನು ಬ್ರಾಮಾನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್‌ಸ್ಲೇ, ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ. ಮುಂದೆ ಮಾಡ್‌ಸ್ಲೇ ಹತ್ರ ಕೆಲಸ ಕಲಿತ ಜೇಮ್ಸ್ ನೇಸ್ಮಿತ್ ಈ ಶ್ರೇಯಸ್ಸನ್ನ ಅವನಿಗೇ ಕೊಡ್ತಾನೆ. ಉಪಾಯ ಇಷ್ಟೇ: ಬಟ್ಟಲಿನ ಹಾಗೆ ಅಂಚು ಎದ್ದ ಒಂದು ಚರ್ಮದ ವಾಷರ್. ನೀರಿನ ಒತ್ತಡ ಆ ಬಟ್ಟಲೊಳಗೇ ನುಗ್ಗಿ ಅಂಚನ್ನ ಪಿಸ್ಟನ್ ಮೇಲೆ ಒತ್ತುತ್ತೆ. ಒತ್ತಡ ಹೆಚ್ಚಾದಷ್ಟೂ ಹಿಡಿತ ಬಿಗಿ. ಒತ್ತಡ ಬಿಟ್ಟ ತಕ್ಷಣ ಅಂಚು ತಾನೇ ಸಡಿಲ, ಪಿಸ್ಟನ್ ಆರಾಮಾಗಿ ವಾಪಸ್. ಸೋರಿಸಬೇಕಾದ ಬಲಕ್ಕೇ ಸೋರಿಕೆ ತಡೆಯೋ ಕೆಲಸ ಕೊಟ್ಟ. ಇಷ್ಟು ಚೆಂದದ ಬಗ್-ಫಿಕ್ಸ್ ನಾನು ಇನ್ನೊಂದು ನೋಡಿಲ್ಲ.

ಆಮೇಲೇನಾಯ್ತು? 1797ರ ಹೊತ್ತಿಗೆ ಕಾರ್ಖಾನೆ ನೋಡಿಕೊಳ್ಳೋನೇ ಮಾಡ್‌ಸ್ಲೇ, ಸಂಬಳ ವಾರಕ್ಕೆ 30 ಶಿಲ್ಲಿಂಗ್. ಸಂಸಾರ ಬೆಳೆದಿತ್ತು, ಹೈಕ್ ಕೇಳಿದ. ಬ್ರಾಮಾ ಕೊಡಲಿಲ್ಲ. ಮಾಡ್‌ಸ್ಲೇ ಪೇಪರ್ ಹಾಕಿ ಸ್ವಂತ ವರ್ಕ್‌ಶಾಪ್ ತೆಗೆದ. ಅವನ ಸ್ಕ್ರೂ ಕಟಿಂಗ್ ಲೇತು, ಪೋರ್ಟ್ಸ್‌ಮೌತ್ ಹಡಗುಕಟ್ಟೆಗೆ ಮಾಡಿಕೊಟ್ಟ ಯಂತ್ರಗಳು ಇವೆಲ್ಲ ಬಂದದ್ದು ಆಮೇಲೆ. ಪ್ರೆಸ್ಸಿಗೆ ಮಾತ್ರ ಇವತ್ತಿಗೂ 'ಬ್ರಾಮಾ ಪ್ರೆಸ್' ಅಂತಲೇ ಹೆಸರು.

ಆ ವಾಷರನ್ನ ನೀವು ನೋಡಿರ್ತೀರಿ. ಹಳೇ ಸೈಕಲ್ ಪಂಪಿನ ಹಿಡಿ ಎಳೆದು ಬಿಚ್ಚಿದ್ರೆ ಸರಳಿನ ತುದಿಯಲ್ಲಿ ಇರೋದು ಅದೇ ಜಾತಿ. ಒಣಗಿ ಗಾಳಿ ಹಿಡೀತಿಲ್ಲ ಅಂದ್ರೆ ಎರಡು ತೊಟ್ಟು ಎಣ್ಣೆ ಬಿಟ್ಟು ಬೆರಳಲ್ಲಿ ಅಂಚು ಅಗಲಿಸ್ತಿದ್ರು. 1970ರ ದಶಕದಿಂದ ನಮ್ಮ ಊರೂರಿಗೆ ಬಂದ ಇಂಡಿಯಾ ಮಾರ್ಕ್ 2 ಬೋರ್‌ವೆಲ್ ಪಂಪಿನ ಸಿಲಿಂಡರಿನೊಳಗೂ ಚರ್ಮದ ಬಟ್ಟಲು ವಾಷರೇ. "ವಾಷರ್ ಹೋಗಿದೆ" ಅಂದ್ರೆ ಬೀದಿಯ ಹೆಂಗಸರೆಲ್ಲ ಅವತ್ತು ಕೊಡ ಹೊತ್ತು ದೂರ ನಡೀಬೇಕು ಅಂತ ಅರ್ಥ. ಮುಂದೆ 80ರ ದಶಕದಲ್ಲಿ ಕೊಯಮತ್ತೂರಿನ ಸುತ್ತ ಪರೀಕ್ಷೆ ಮಾಡಿ, ನೈಟ್ರೈಲ್ ರಬ್ಬರಿನ ವಾಷರ್ ಚರ್ಮಕ್ಕಿಂತ ಹೆಚ್ಚು ಬಾಳುತ್ತೆ ಅಂತ ಕಂಡುಕೊಂಡ್ರು. ಈ ನೈಟ್ರೈಲ್ ಹೆಸರು ನೆನಪಿಟ್ಟುಕೊಳ್ಳಿ.

ವಾಹನದ ಬ್ರೇಕಿಗೆ ಈ ವಿದ್ಯೆ ತಂದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್, ವಿಮಾನ ಕಂಪನಿಯ ಲಾಕ್‌ಹೀಡ್ ಅಣ್ಣತಮ್ಮಂದಿರಲ್ಲಿ ಒಬ್ಬ. ಪೇಟೆಂಟ್ 1917ರದ್ದು. 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಹಾಕಿಕೊಂಡು ಬಂತು. ಮೊದಲಿನ ಚರ್ಮದ ಕಪ್ಪುಗಳು ಸೋರುತ್ತಿದ್ವು, ಕ್ರೈಸ್ಲರ್ ಎಂಜಿನಿಯರ್‌ಗಳು ರಬ್ಬರಿಗೆ ಬದಲಾಯಿಸಿದ್ರು. ರಬ್ಬರ್ ಬಂದಮೇಲೆ ಹೊಸ ತಕರಾರು: ಪೆಟ್ರೋಲಿಯಂ ಎಣ್ಣೆ ತಾಗಿದ್ರೆ ಆಗಿನ ರಬ್ಬರ್ ಉಬ್ಬಿಬಿಡುತ್ತೆ. ಅದಕ್ಕೇ ಹಳೇ ಬ್ರೇಕ್ ಆಯಿಲ್ಲಿನಲ್ಲಿ ಇರ್ತಿದ್ದದ್ದು ಆಲ್ಕೋಹಾಲ್ ಮತ್ತು ನಮ್ಮ ಹರಳೆಣ್ಣೆ! ಆಮೇಲೆ ಡಾಟ್ ಅನ್ನೋ ಗ್ಲೈಕಾಲ್ ದ್ರವಗಳು ಬಂದವು.

ಸೈಕಲ್ಲಿಗೆ ಇದು ಬಂದದ್ದು ಬಹಳ ತಡವಾಗಿ. ಜರ್ಮನಿಯ ಮಗೂರಾ 1987ರಲ್ಲಿ ರಿಮ್ ಹಿಡಿಯೋ ಹೈಡ್ರಾಲಿಕ್ ಬ್ರೇಕ್ ತಂತು, 90ರ ದಶಕದಲ್ಲಿ ಗುಡ್ಡ ಇಳಿಯೋರ ಸೈಕಲ್ಲಿಗೆ ಡಿಸ್ಕ್ ಬಂತು. ರೋಡ್ ರೇಸಿನವರು ಬೇಡ ಬೇಡ ಅಂತ ಎಳೆದಾಡಿ, ಯುಸಿಐ ಪೂರ್ತಿ ಒಪ್ಪಿದ್ದು 2018ರಲ್ಲಿ.

ಈ ಕ್ಯಾಲಿಪರಿನೊಳಗೆ ಬಟ್ಟಲು ವಾಷರ್ ಇಲ್ಲ. ಪಿಸ್ಟನ್ ಸುತ್ತ ಒಂದು ರಬ್ಬರ್ ಬಳೆ ಇದೆ, ಕತ್ತರಿಸಿ ನೋಡಿದ್ರೆ ಚೌಕ. ಬ್ರೇಕ್ ಒತ್ತಿದಾಗ ಬಳೆ ಪಿಸ್ಟನ್ನನ್ನ ಹಿಡಿದುಕೊಂಡೇ ಅದರ ಜೊತೆ ಚೂರು ತಿರುಚಿಕೊಳ್ಳುತ್ತೆ. ಬಿಟ್ಟಾಗ ನೆಟ್ಟಗಾಗುತ್ತಾ ಅದನ್ನ ಹಿಂದಕ್ಕೆಳೆಯುತ್ತೆ. ಅಷ್ಟರಲ್ಲೇ ಪ್ಯಾಡಿಗೂ ಡಿಸ್ಕಿಗೂ ಕೂದಲೆಳೆಯ ಸಂದು. ಪ್ಯಾಡ್ ಸವೆದಾಗ ಪಿಸ್ಟನ್ ಬಳೆಯೊಳಗೆ ಜಾರಿ ಒಂದು ಹೆಜ್ಜೆ ಮುಂದೆ ಕೂರುತ್ತೆ. ಅಂದ್ರೆ ಈ ಬಳೆ ಹಿಡಿಯಲೂ ಬೇಕು, ಜಾರಲೂ ಬಿಡಬೇಕು. ಹೊರಗೆ ಚಾಚಿರೋ ಪಿಸ್ಟನ್ ಮೇಲೆ ಪ್ಯಾಡಿನ ಪುಡಿ, ಕೆಸರು ಒಣಗಿ ಕೂತ್ರೆ ಆ ಲೆಕ್ಕ ತಪ್ಪುತ್ತೆ.

ರಿಪೇರಿಗೆ ಅರ್ಧ ಗಂಟೆ ಸಾಕು. ಚಕ್ರ, ಪ್ಯಾಡ್ ಎರಡೂ ತೆಗೆಯಿರಿ. ಲಿವರ್ ಮೆಲ್ಲಗೆ ಒತ್ತಿ ಪಿಸ್ಟನ್‌ಗಳನ್ನ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗೆ ಬರಿಸಿ. ಜಾಸ್ತಿ ಒತ್ತಿದ್ರೆ ಪೂರ್ತಿ ಕಳಚಿ ಎಣ್ಣೆ ನೆಲಕ್ಕೆ. ಕಿವಿಗೆ ಹಾಕೋ ಹತ್ತಿಕಡ್ಡಿಯನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿ ಪಿಸ್ಟನ್ ಪಕ್ಕವನ್ನ ಸುತ್ತಲೂ ಒರೆಸಿ, ಬ್ರೇಕಿನೊಳಗಿರೋ ಅದೇ ಎಣ್ಣೆ ಒಂದು ತೊಟ್ಟು ಸವರಿ, ಪ್ಲಾಸ್ಟಿಕ್ ಟೈರ್ ಲಿವರಿನಿಂದ ನೆಟ್ಟಗೆ ಒಳಗೆ ತಳ್ಳಿ. ಲೋಹ ಬೇಡ, ಎಷ್ಟೋ ಪಿಸ್ಟನ್‌ಗಳು ಸೆರಾಮಿಕ್, ಸೀಳುತ್ತವೆ. ಓಡೋ ಪಿಸ್ಟನ್ನನ್ನ ಅದುಮಿ ಹಿಡಿದು ಸೋಮಾರಿಯನ್ನ ಮಾತ್ರ ಮುಂದೆ ಬರಿಸಿ, ಮತ್ತೆ ತಳ್ಳಿ. ಐದಾರು ಸಲ ಮಾಡಿದ್ರೆ ಎರಡೂ ಸಮ ಓಡೋಕೆ ಶುರು ಮಾಡ್ತವೆ. ಕೊನೆಗೆ ಎಲ್ಲ ಎಣ್ಣೆ ಒರೆಸಿ, ಪ್ಯಾಡ್ ಹಾಕಿ, ನಿಂತಲ್ಲೇ ಬ್ರೇಕ್ ಹಿಡಿದು ನೋಡಿಯೇ ರಸ್ತೆಗಿಳಿಯಿರಿ.

"ಅದೇ ಎಣ್ಣೆ" ಅಂದದ್ದಕ್ಕೆ ಕಾರಣ ಇದೆ. ಮಿನರಲ್ ಆಯಿಲ್ ಬ್ರೇಕಿನ ಬಳೆ ಸಾಮಾನ್ಯವಾಗಿ ನೈಟ್ರೈಲ್, ಬೋರ್‌ವೆಲ್ ವಾಷರಿನ ನೆಂಟ; ಡಾಟ್ ದ್ರವ ಅದನ್ನ ಹಾಳು ಮಾಡುತ್ತೆ. ಡಾಟ್ ಬ್ರೇಕಿನ ಬಳೆ ಇಪಿಡಿಎಂ ರಬ್ಬರ್, ಅದು ಮಿನರಲ್ ಆಯಿಲ್ಲಿನಲ್ಲಿ ಉಬ್ಬಿ ಪಿಸ್ಟನ್ ಕತ್ತು ಹಿಸುಕುತ್ತೆ. ಮನೇಲಿರೋ ಸ್ಪ್ರೇ ಹೊಡೆಯೋದಂತೂ ಬೇಡವೇ ಬೇಡ.

ಬಳೆಯೇ ಹರಿದಿದ್ರೆ ಒರೆಸಿ ಪ್ರಯೋಜನ ಇಲ್ಲ. ಕೆಲವು ಕಂಪನಿಗಳು ಬಳೆಯನ್ನ ಬಿಡಿಯಾಗಿ ಮಾರ್ತವೆ, ಕೆಲವು ಇಡೀ ಕ್ಯಾಲಿಪರೇ ತಗೊಳ್ಳಿ ಅಂತವೆ. ಸೈಕಲ್ ಕೊಳ್ಳುವಾಗ ಗೇರ್ ಎಷ್ಟು ಅಂತ ಕೇಳೋದರ ಜೊತೆಗೆ, ಸೀಲ್ ಸಿಗುತ್ತಾ ಅಂತಲೂ ಒಂದು ಮಾತು ಕೇಳಿ ನೋಡಿ.