ಶೀರ್ ಗ್ರಾಮದ ಗಿರಣಿಯ ಕೊಳ

ಇಂಗ್ಲೆಂಡಿನ ಸರೀ ಪ್ರಾಂತದಲ್ಲಿ ಟಿಲ್ಲಿಂಗ್‌ಬೋರ್ನ್ ಎಂಬ ಕಿರುಹೊಳೆಯೊಂದು ಹರಿಯುವುದು. ಶೀರ್ ಎಂಬ ಗ್ರಾಮದಲ್ಲಿ ಗಿರಣಿಗಾಗಿ ತಡೆದು ನಿಲ್ಲಿಸಿದ ಅದರ ನೀರನ್ನು 1860ರಲ್ಲಿ ಫ್ರಾನ್ಸಿಸ್ ಸೀಮೋರ್ ಹೇಡನ್ ಎಂಬಾತನು ತಾಮ್ರದ ತಗಡಿನ ಮೇಲೆ ಚಿತ್ರಿಸಿದನು. ದಡದಲ್ಲಿ ಮರಗಳು, ನಿಂತ ನೀರಿನಲ್ಲಿ ಅವುಗಳ ಪ್ರತಿಬಿಂಬ. ಇದಕ್ಕಿಂತ ಹೆಚ್ಚಿನ ಕಥೆಯೇನೂ ಆ ಚಿತ್ರದಲ್ಲಿಲ್ಲ. ಆದರೂ ಕ್ಲಾಡನ ಒಂದು ಕೃತಿಯನ್ನುಳಿದರೆ ಜಗತ್ತಿನ ನಿಸರ್ಗದೃಶ್ಯದ ಎಚಿಂಗುಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ವಿಮರ್ಶಕನಾದ ಹ್ಯಾಮರ್ಟನ್ನನು 1868ರಲ್ಲಿ ಪ್ರಶಂಸಿಸಿದನು.

ಹೇಡನ್ನನು ವೃತ್ತಿಯಿಂದ ಲಂಡನ್ನಿನ ಶಸ್ತ್ರವೈದ್ಯನು. ಚಿತ್ರಕಲೆ ಆತನ ವಿರಾಮಕಾಲದ ವ್ಯಾಸಂಗ. ರೆಂಬ್ರಾಂಟನ ಮುದ್ರಿತಚಿತ್ರಗಳನ್ನು ಸಂಗ್ರಹಿಸಿ ಅಭ್ಯಸಿಸಿದ ಆತನಿಗೆ ಭಾವಮೈದುನನಾದ ಚಿತ್ರಕಾರ ವಿಸ್ಲರನ ಸಹವಾಸವೂ ಕೆಲಕಾಲ ದೊರೆತಿತ್ತು.

ಎಚಿಂಗಿನ ವಿಧಾನವು ಇಂತಿರುವುದು: ನುಣುಪಾದ ತಾಮ್ರದ ತಗಡಿಗೆ ಮೇಣವನ್ನು ಸವರಿ, ಸೂಜಿಯಿಂದ ಗೆರೆಗಳನ್ನು ಗೀಚುವರು, ಬಳಿಕ ತಗಡನ್ನು ದ್ರಾವಕದಲ್ಲಿ ಮುಳುಗಿಸಿದರೆ ಮೇಣ ಹರಿದ ಕಡೆ ಮಾತ್ರ ತಾಮ್ರವು ಕೊರೆಯಲ್ಪಡುವುದು. ಆ ಗೆರೆಗಳಲ್ಲಿ ಮಸಿಯನ್ನು ತುಂಬಿ, ಒದ್ದೆಯಾದ ಕಾಗದವನ್ನಿಟ್ಟು ಒತ್ತಿದರೆ ಚಿತ್ರವು ಮೂಡುವುದು. ಒಮ್ಮೆ ಕೊರೆದ ಗೆರೆಯನ್ನು ಅಳಿಸಬೇಕಾದರೆ ತಾಮ್ರವನ್ನೇ ಹೆರೆದು ಉಜ್ಜಬೇಕು. ಆದುದರಿಂದ ಇಲ್ಲಿ ಕೈಗಿಂತ ಮೊದಲು ಮನಸ್ಸು ನಿಶ್ಚಯಿಸಿರಬೇಕು. ನಿಸರ್ಗದೆದುರಿನಲ್ಲಿಯೇ ತಗಡನ್ನು ಹಿಡಿದು ಗೆರೆಯೆಳೆಯಬೇಕೆಂಬುದೇ ಹೇಡನ್ನನ ಮತ. ಶಸ್ತ್ರವೈದ್ಯನಿಗೆ ಈ ನಿಯಮವು ಅಪರಿಚಿತವಾಗಿರಲಾರದು.

ಆ ಕಾಲದ ಇಂಗ್ಲೆಂಡಿನಲ್ಲಿ ತಗಡಿನ ಕೆತ್ತನೆಯು ಬಹುಮಟ್ಟಿಗೆ ಇತರರ ವರ್ಣಚಿತ್ರಗಳ ಪ್ರತಿ ತೆಗೆಯುವ ಕಸಬಾಗಿತ್ತು. 1768ರಲ್ಲಿ ಸ್ಥಾಪಿತವಾದ ರಾಯಲ್ ಅಕಾಡೆಮಿಯು ಕೆತ್ತನೆಗಾರರಿಗೆ ಬಹುಕಾಲ ಪೂರ್ಣ ಸದಸ್ಯತ್ವವನ್ನೇ ಕೊಡಲಿಲ್ಲ. ಅನುಕರಣದ ಕೆತ್ತನೆ ಬೇರೆ, ಚಿತ್ರಕಾರನ ಸ್ವಂತ ಭಾವವನ್ನು ನೇರವಾಗಿ ತಿಳಿಸುವ ಗೆರೆ ಬೇರೆ ಎಂಬುದು ಹೇಡನ್ನನ ವಾದ. ಇದಕ್ಕಾಗಿ ಆತನು 1880ರಲ್ಲಿ ಎಚಿಂಗ್ ಚಿತ್ರಕಾರರ ಸಂಘವನ್ನು ಸ್ಥಾಪಿಸಿ, 1910ರಲ್ಲಿ ಮರಣ ಹೊಂದುವವರೆಗೂ ಅದರ ಅಧ್ಯಕ್ಷನಾಗಿದ್ದನು. 1888ರಲ್ಲಿ ರಾಜಮನ್ನಣೆಯನ್ನು ಪಡೆದ ಆ ಸಂಘವು ಹೆಸರು ಬದಲಾದರೂ ಇಂದಿಗೂ ನಡೆಯುತ್ತಿದೆ.

ಈ ವಾದಕ್ಕೆ ಶೀರ್ ಕೊಳದ ಚಿತ್ರಕ್ಕಿಂತ ಬಲವಾದ ಸಾಕ್ಷ್ಯವು ಬೇಕಿಲ್ಲ. ಅಲ್ಲಿ ನಕಲು ಮಾಡಲು ಮತ್ತೊಬ್ಬನ ವರ್ಣಚಿತ್ರವಿರಲಿಲ್ಲ. ವರ್ಣದ ನೆರವೂ ಇರಲಿಲ್ಲ. ಕತ್ತಲು ತೋರಬೇಕಾದೆಡೆ ಗೆರೆಗಳು ದಟ್ಟವಾಗಿವೆ. ಬೆಳಕು ತೋರಬೇಕಾದೆಡೆ ಸೂಜಿಯು ತಾಮ್ರವನ್ನು ಮುಟ್ಟಿಲ್ಲ. ನೀರಿನ ಮೇಲೆ ಹೊಳೆಯುವ ಆ ಬೆಳಕು ಕೇವಲ ಬರಿಯ ಕಾಗದ. ಎಲ್ಲಿ ಕೈಯನ್ನು ತಡೆಯಬೇಕೆಂಬುದನ್ನು ಬಲ್ಲವನು ಪ್ರತಿಕಾರನಲ್ಲ, ಕಲಾವಿದನು.